ಆಮದು ಮೋಟಾರ್‌ಸೈಕಲ್‌ಗಳ ವಿತರಣೆ: ಮಾರಾಟಕ್ಕಿಂತ ಸೇವೆಯೇ ಕಠಿಣ

2019-20ನೇ ಆರ್ಥಿಕ ವರ್ಷದಲ್ಲಿ ಭಾರತದ ಮಾರುಕಟ್ಟೆಯಲ್ಲಿ ಮಾರಾಟವಾದ ದ್ವಿಚಕ್ರ ವಾಹನಗಳ ಸಂಖ್ಯೆ ಸುಮಾರು 1.74 ಕೋಟಿ. ಅದೇ ವರ್ಷ ಅಮೆರಿಕದ ಹಾರ್ಲೆ-ಡೇವಿಡ್‌ಸನ್ ಸಂಸ್ಥೆಯ ವಾಹನಗಳು ಇಲ್ಲಿ ಮಾರಾಟವಾದದ್ದು 2,500ಕ್ಕೂ ಕಡಿಮೆ. ದೇಶದಾದ್ಯಂತ ಇದ್ದ ಮೂವತ್ತಕ್ಕೂ ಹೆಚ್ಚು ಮಳಿಗೆಗಳಿಗೆ ಈ ಸಂಖ್ಯೆಯನ್ನು ಹಂಚಿದರೆ ಒಂದೊಂದಕ್ಕೆ ತಿಂಗಳಿಗೆ ಏಳು ವಾಹನಗಳೂ ಬರುವುದಿಲ್ಲ. 2020ರ ಸೆಪ್ಟೆಂಬರ್ 24ರಂದು ಸಂಸ್ಥೆಯು ಭಾರತದಲ್ಲಿನ ತನ್ನ ಮಾರಾಟ ಮತ್ತು ಉತ್ಪಾದನಾ ವ್ಯವಸ್ಥೆಯನ್ನು ಮುಚ್ಚುವುದಾಗಿ ಪ್ರಕಟಿಸಿತು. ಹರಿಯಾಣದ ಬಾವಲ್‌ನಲ್ಲಿದ್ದ ಘಟಕವೂ ಅದರೊಡನೆ ನಿಂತಿತು. ವಾಹನ ವಿತರಕರ ರಾಷ್ಟ್ರೀಯ ಒಕ್ಕೂಟವಾದ ಫಾಡಾ ಇದರಿಂದ ವಿತರಕರಿಗಾಗುವ ನಷ್ಟವನ್ನು 130 ಕೋಟಿ ರೂಪಾಯಿಯವರೆಗೆ ಅಂದಾಜು ಮಾಡಿತ್ತು. ಸುಮಾರು ಒಂದು ತಿಂಗಳ ಬಳಿಕ ಹೀರೋ ಮೋಟೋಕಾರ್ಪ್ ಸಂಸ್ಥೆಯೊಡನೆ ವಿತರಣಾ ಒಪ್ಪಂದವಾಗಿ ಹಾರ್ಲೆ ಹೆಸರು ದೇಶದಲ್ಲಿ ಉಳಿಯಿತು. ಆದರೆ ಬ್ರಾಂಡ್ ಉಳಿಯುವುದು ಬೇರೆ, ಅದನ್ನು ನಂಬಿ ಮಳಿಗೆ ಕಟ್ಟಿದವರ ಬಂಡವಾಳ ಉಳಿಯುವುದು ಬೇರೆ.

ವಿದೇಶಿ ಮೋಟಾರ್‌ಸೈಕಲ್‌ನ ವಿತರಣೆ ಹೊರನೋಟಕ್ಕೆ ಆಕರ್ಷಕವಾದ ವ್ಯಾಪಾರ. ಒಂದು ವಾಹನದ ಬೆಲೆ ಹತ್ತು ಲಕ್ಷ ದಾಟುತ್ತದೆ, ಗ್ರಾಹಕ ಅನುಕೂಲಸ್ಥ, ಚೌಕಾಸಿ ಕಡಿಮೆ. ಹೀಗಾಗಿ ಬೇರೆ ವ್ಯವಹಾರದಲ್ಲಿ ಗಳಿಸಿದ ಕುಟುಂಬಗಳು ಈ ಕ್ಷೇತ್ರಕ್ಕೆ ಕಾಲಿಡುವುದುಂಟು. ಆದರೆ ವಾಹನ ಮಾರುವುದು ಒಂದು ದಿನದ ಕೆಲಸವಾದರೆ ಅದನ್ನು ರಸ್ತೆಯಲ್ಲಿ ಓಡುವ ಸ್ಥಿತಿಯಲ್ಲಿಡುವುದು ಹತ್ತು ಹದಿನೈದು ವರ್ಷಗಳ ಕೆಲಸ. ಆ ಹೊಣೆಯನ್ನು ಹೊರಲು ಬೇಕಾದ ಬಿಡಿಭಾಗ, ತಾಂತ್ರಿಕ ಮಾಹಿತಿ ಮತ್ತು ಅಧಿಕಾರ, ಈ ಮೂರೂ ಇರುವುದು ಸಮುದ್ರದಾಚೆಯ ಇನ್ನೊಬ್ಬರ ಕೈಯಲ್ಲಿ. ಈ ವ್ಯಾಪಾರದ ಎಲ್ಲ ತೊಡಕುಗಳ ಬೇರು ಇಲ್ಲಿದೆ.

ಬ್ರಾಂಡ್ ಒಂದೇ, ವಿತರಕರು ಹಲವರು

ದೊಡ್ಡ ವಿದೇಶಿ ಮೋಟಾರ್‌ಸೈಕಲ್‌ಗಳಿಗೆ ಭಾರತದ ಬಾಗಿಲು ತೆರೆದ ಕಥೆಯಲ್ಲಿ ಮಾವಿನ ಹಣ್ಣಿಗೂ ಒಂದು ಪಾತ್ರವಿದೆ. 2007ರಲ್ಲಿ ಅಮೆರಿಕವು ಭಾರತದ ಮಾವಿಗೆ ತನ್ನ ಮಾರುಕಟ್ಟೆಯಲ್ಲಿ ಅವಕಾಶ ನೀಡಿದಾಗ, ಭಾರತವು ಹಾರ್ಲೆ ವಾಹನಗಳ ಆಮದಿಗೆ ಅಡ್ಡಿಯಾಗಿದ್ದ ಹೊಗೆ ಮಾನದಂಡದ ತೊಡಕನ್ನು ನಿವಾರಿಸಿತು. ಆ ಬಳಿಕದ ವರ್ಷಗಳಲ್ಲಿ ಡುಕಾಟಿ, ಟ್ರಯಂಫ್, ಬೆನೆಲ್ಲಿ, ಎಂ.ವಿ. ಆಗುಸ್ಟಾ ಮುಂತಾದ ಹೆಸರುಗಳು ಒಂದೊಂದಾಗಿ ಬಂದವು. ಕೆಲವು ಸಂಸ್ಥೆಗಳು ತಮ್ಮದೇ ಅಂಗಸಂಸ್ಥೆಯನ್ನು ಸ್ಥಾಪಿಸಿದವು. ಉಳಿದವು ಇಲ್ಲಿನ ಒಬ್ಬ ಆಮದುದಾರನಿಗೆ ಇಡೀ ದೇಶದ ಹಕ್ಕು ಕೊಟ್ಟವು.

ಎರಡನೆಯ ಮಾರ್ಗದ ಅಪಾಯವನ್ನು ಅರಿಯಲು ದಕ್ಷಿಣ ಕೊರಿಯದ ಹ್ಯೋಸಂಗ್ ಬ್ರಾಂಡ್‌ನ ಪಯಣವನ್ನು ನೋಡಬೇಕು. 2000ರ ದಶಕದಲ್ಲಿ ಅದನ್ನು ಕೈನೆಟಿಕ್ ಸಂಸ್ಥೆ ತಂದಿತು. 2011ರಲ್ಲಿ ಗರ್ವಾರೆ ಮೋಟಾರ್ಸ್, ಮರುವರ್ಷ ಪುಣೆಯ ಡಿ.ಎಸ್.ಕೆ. ಮೋಟೋವೀಲ್ಸ್, ಆ ಸಮೂಹ ಸಂಕಟಕ್ಕೆ ಸಿಲುಕಿದ ಮೇಲೆ 2018ರಲ್ಲಿ ಮತ್ತೆ ಕೈನೆಟಿಕ್ ಬಳಗ, ಹೀಗೆ ಒಂದೂವರೆ ದಶಕದಲ್ಲಿ ಬ್ರಾಂಡ್ ನಾಲ್ಕು ಬಾರಿ ಕೈ ಸೇರಿತು. ಡಿ.ಎಸ್.ಕೆ.ಯೇ ತಂದಿದ್ದ ಬೆನೆಲ್ಲಿ 2018ರಲ್ಲಿ ಹೈದರಾಬಾದ್‌ನ ಮಹಾವೀರ್ ಸಮೂಹದ ಕೈ ಸೇರಿತು. ಪ್ರತಿ ಬದಲಾವಣೆಯಲ್ಲಿಯೂ ಹಳೆಯ ಗ್ರಾಹಕನ ಪ್ರಶ್ನೆ ಒಂದೇ: ಹಿಂದಿನವರು ಕೊಟ್ಟ ವಾರಂಟಿಯನ್ನು ಹೊಸಬರು ಒಪ್ಪುವರೇ? ಊರಿನ ಮಳಿಗೆಯವನ ಪ್ರಶ್ನೆ ಇನ್ನೂ ಕಠಿಣ: ಹಿಂದಿನ ಆಮದುದಾರನಲ್ಲಿ ಇಟ್ಟ ಠೇವಣಿ, ವಾರಂಟಿ ದುರಸ್ತಿಗಾಗಿ ಕೈಯಿಂದ ಹಾಕಿದ ಹಣ, ಇವನ್ನು ಯಾರಲ್ಲಿ ಕೇಳುವುದು? ಹೊಸ ಆಮದುದಾರ ಬ್ರಾಂಡ್‌ನ ಹಕ್ಕನ್ನು ಪಡೆದಿರುತ್ತಾನೆಯೇ ಹೊರತು ಹಿಂದಿನವನ ಸಾಲವನ್ನಲ್ಲ.

ಬೆಲೆಯ ಲೆಕ್ಕ

ಆಮದು ಸುಂಕ ಈ ವ್ಯಾಪಾರದ ಭಾಗ್ಯವನ್ನು ಬರೆಯುತ್ತದೆ ಎಂಬ ಮಾತಿದೆ. ಪೂರ್ಣ ಜೋಡಿಸಿದ ವಾಹನಕ್ಕೆ ಒಂದು ದರ, ಬಿಡಿಬಿಡಿಯಾಗಿ ತಂದು ಇಲ್ಲಿ ಜೋಡಿಸಿದರೆ ಅದಕ್ಕಿಂತ ಬಹು ಕಡಿಮೆ ದರ. ಪೂರ್ಣ ವಾಹನದ ಸುಂಕವು 2013ರಲ್ಲಿ 800 ಸಿ.ಸಿ. ಮತ್ತು ಮೇಲ್ಪಟ್ಟವಕ್ಕೆ ಶೇ. 60ರಿಂದ 75ಕ್ಕೆ ಏರಿತು. 2018ರ ಫೆಬ್ರವರಿಯಲ್ಲಿ ಶೇ. 50ಕ್ಕೆ ಇಳಿಯಿತು, 2025ರ ಫೆಬ್ರವರಿಯ ಬಜೆಟ್‌ನಲ್ಲಿ 1,600 ಸಿ.ಸಿ.ವರೆಗಿನವಕ್ಕೆ ಶೇ. 40 ಮತ್ತು ಅದಕ್ಕೂ ದೊಡ್ಡವಕ್ಕೆ ಶೇ. 30 ಆಯಿತು. ಬಿಡಿಭಾಗಗಳ ಕಟ್ಟಿನ ಸುಂಕವನ್ನು ಅದೇ ಬಜೆಟ್ ಶೇ. 15ರಿಂದ 10ಕ್ಕೆ ತಂದಿತು.

ಸುಂಕ ಇಳಿದರೆ ಬೆಲೆ ಇಳಿಯುತ್ತದೆ, ಮಾರಾಟ ಏರುತ್ತದೆ ಎಂದು ಭಾವಿಸುವುದು ಸಹಜ. ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡಬಹುದು. ಬಂದರಿನಲ್ಲಿ 10 ಲಕ್ಷ ರೂಪಾಯಿ ಮೌಲ್ಯದ, 900 ಸಿ.ಸಿ.ಯ ಒಂದು ವಾಹನ ಬಂದಿದೆ ಎಂದಿಟ್ಟುಕೊಳ್ಳೋಣ; ಇತರ ಮೇಲ್ತೆರಿಗೆಗಳನ್ನು ಸದ್ಯಕ್ಕೆ ಬದಿಗಿಡೋಣ. 2024ರಲ್ಲಿ ಶೇ. 50ರ ಸುಂಕ ಸೇರಿ 15 ಲಕ್ಷ; ಅದರ ಮೇಲೆ ಜಿ.ಎಸ್.ಟಿ. ಶೇ. 28 ಮತ್ತು ಉಪಕರ ಶೇ. 3 ಸೇರಿ 19.65 ಲಕ್ಷ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ. ಮೀರಿದ ಮೋಟಾರ್‌ಸೈಕಲ್‌ಗಳಿಗೆ ಜಿ.ಎಸ್.ಟಿ. ಶೇ. 40 ಆಯಿತು. ಈಗ ಶೇ. 40ರ ಸುಂಕ ಸೇರಿ 14 ಲಕ್ಷ, ಅದರ ಮೇಲೆ ಶೇ. 40 ತೆರಿಗೆ ಸೇರಿ 19.60 ಲಕ್ಷ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈ ಹಿಂಪಡೆಯಿತು. ಗ್ರಾಹಕನಿಗೆ ಉಳಿದ ವ್ಯತ್ಯಾಸ ಐದು ಸಾವಿರ ರೂಪಾಯಿ. ಇದರ ಮೇಲೆ ವಿತರಕನ ಲಾಭಾಂಶ, ರಾಜ್ಯದ ಜೀವಿತಾವಧಿ ತೆರಿಗೆ ಮತ್ತು ವಿಮೆ ಸೇರುತ್ತವೆ.

ದರ ಬದಲಾದ ದಿನ ಮಳಿಗೆಯಲ್ಲಿ ನಿಂತಿರುವ ವಾಹನದ ಗತಿಯೇನು ಎಂಬುದು ವಿತರಕನಿಗೆ ಮುಖ್ಯ. ಹಳೆಯ ಸುಂಕ ತೆತ್ತು ತಂದ ಸರಕನ್ನು ಹೊಸ ಬೆಲೆಗೆ ಮಾರಬೇಕಾದಾಗ ಆ ವ್ಯತ್ಯಾಸವನ್ನು ಯಾರು ಭರಿಸಬೇಕೆಂದು ಕರಾರಿನಲ್ಲಿ ಬರೆದಿರದಿದ್ದರೆ ಅದು ವಿತರಕನ ಖಾತೆಗೇ ಬೀಳುತ್ತದೆ. 2025ರ ಬದಲಾವಣೆಯಲ್ಲಿ ಉಪಕರವೇ ಇಲ್ಲವಾದಾಗ, ವಿತರಕರ ಲೆಕ್ಕದಲ್ಲಿ ಜಮೆಯಾಗಿ ಉಳಿದಿದ್ದ ಉಪಕರವನ್ನು ಹೊಸ ತೆರಿಗೆಗೆ ಹೊಂದಿಸಿಕೊಳ್ಳಲು ಅವಕಾಶವಿಲ್ಲದೆ ಹೋಯಿತು.

ವಿನಿಮಯ ದರದ ಮಾತೂ ಇದೇ ಬಗೆಯದು. ಮುಂಗಡ ಪಡೆಯುವಾಗ ಒಂದು ಬೆಲೆ ಹೇಳಿರುತ್ತಾರೆ. ವಾಹನ ಬಂದು ಇಳಿಯಲು ಮೂರು ನಾಲ್ಕು ತಿಂಗಳು ಬೇಕು. 2013ರ ಮೇ ತಿಂಗಳಲ್ಲಿ 55 ರೂಪಾಯಿಯ ಆಸುಪಾಸಿನಲ್ಲಿದ್ದ ಡಾಲರ್ ಆಗಸ್ಟ್ ಕೊನೆಯಲ್ಲಿ 68 ದಾಟಿತ್ತು. ಹೇಳಿದ ಬೆಲೆಗೆ ಬದ್ಧನಾದ ವ್ಯಾಪಾರಿಯ ಲಾಭಾಂಶ ಅಷ್ಟರಲ್ಲಿ ಕರಗಿ ಹೋಗಿರುತ್ತದೆ. ಮಾನದಂಡಗಳ ಗಡುವುಗಳೂ ಹಾಗೆಯೇ. 2017ರ ಮಾರ್ಚ್ 29ರಂದು ಸರ್ವೋಚ್ಚ ನ್ಯಾಯಾಲಯವು ಏಪ್ರಿಲ್ 1ರಿಂದ ಬಿ.ಎಸ್.-3 ವಾಹನಗಳ ಮಾರಾಟವನ್ನು ನಿಷೇಧಿಸಿದಾಗ ಉಳಿದದ್ದು ಎರಡೇ ದಿನ. ಹಡಗಿನಲ್ಲಿರುವ ಸರಕಿಗೆ ಅಂಥ ಆದೇಶ ತಿಳಿಯುವುದಿಲ್ಲ.

ಬಿಡಿಭಾಗ: ಕಾಣದ ಬಂಡವಾಳ

ಹದಿನೈದು ಲಕ್ಷದ ವಾಹನವನ್ನು ಒಂದು ಕ್ಲಚ್ ಲಿವರ್ ತಿಂಗಳುಗಟ್ಟಲೆ ನಿಲ್ಲಿಸಬಲ್ಲದು. ಈ ಕ್ಷೇತ್ರದ ಗ್ರಾಹಕ ದೂರುಗಳ ಬಹುಪಾಲು ಎಂಜಿನ್ ಕೆಟ್ಟದ್ದರ ಬಗ್ಗೆ ಅಲ್ಲ, ಭಾಗ ಬಾರದ್ದರ ಬಗ್ಗೆ.

ಬಿಡಿಭಾಗಗಳನ್ನು ಮೂರು ವರ್ಗವಾಗಿ ಕಾಣುವುದು ರೂಢಿ. ತೈಲ ಶೋಧಕ, ಬ್ರೇಕ್ ಪ್ಯಾಡ್, ಸ್ಪಾರ್ಕ್ ಪ್ಲಗ್, ಚೈನು-ಸ್ಪ್ರಾಕೆಟ್‌ಗಳಂಥ ಸವೆಯುವ ಭಾಗಗಳ ಬೇಡಿಕೆಯನ್ನು ಮುಂಚಿತವಾಗಿ ಲೆಕ್ಕ ಹಾಕಬಹುದು. ಎಂಜಿನ್ ನಿಯಂತ್ರಣ ಘಟಕ, ಗೇರ್‌ಗಳಂಥ ದುಬಾರಿ ಭಾಗಗಳ ಬೇಡಿಕೆ ವಿರಳ; ಅವನ್ನು ದೇಶಕ್ಕೊಂದೆಡೆ ಇಟ್ಟರೆ ಸಾಕು. ನಡುವಿನದು ಅಪಘಾತದ ಭಾಗಗಳು: ಲಿವರ್, ಕನ್ನಡಿ, ಇಂಡಿಕೇಟರ್, ಕಾಲೂರುವ ಪೆಗ್, ರೇಡಿಯೇಟರ್, ಬಣ್ಣ ಹಚ್ಚಿದ ಹೊದಿಕೆ. ಭಾರವಾದ ವಾಹನ ಮನೆಯ ಅಂಗಳದಲ್ಲಿ ಪಕ್ಕಕ್ಕೆ ವಾಲಿ ಬಿದ್ದರೂ ಇವುಗಳಲ್ಲಿ ಎರಡು ಮೂರು ಮುರಿಯುತ್ತವೆ. ವಿಮಾ ಸಮೀಕ್ಷಕ ಬಂದು ಹೋದ ಮೇಲೂ ಭಾಗ ಬರುವವರೆಗೆ ವಾಹನ ಕಾರ್ಯಾಗಾರದ ಜಾಗ ತಿನ್ನುತ್ತಲೇ ಇರುತ್ತದೆ. ಹೊಸ ವಿತರಕರು ಮೊದಲ ವರ್ಗಕ್ಕೆ ಹಣ ಹಾಕಿ ಈ ವರ್ಗವನ್ನು ಮರೆಯುವುದು ಸಾಮಾನ್ಯ. ಆಮದುದಾರ ಕಳುಹಿಸುವ ಆರಂಭಿಕ ದಾಸ್ತಾನಿನ ಪಟ್ಟಿಯೂ ಅಪಘಾತದ ಭಾಗಗಳಿಗಿಂತ ಟೀ-ಶರ್ಟು, ಜಾಕೆಟ್ಟುಗಳಿಗೆ ಹೆಚ್ಚು ಉದಾರವಾಗಿರುವುದುಂಟು.

ದಾಸ್ತಾನಿನ ಖರ್ಚು ಎಷ್ಟು? ಮೂವತ್ತು ಲಕ್ಷ ರೂಪಾಯಿಯ ಭಾಗಗಳನ್ನು ಶೇ. 12ರ ಬಡ್ಡಿಯಲ್ಲಿ ಇಟ್ಟುಕೊಂಡರೆ ವರ್ಷಕ್ಕೆ ಬಡ್ಡಿಯೇ 3.6 ಲಕ್ಷ. ಮಾದರಿ ನಿಂತುಹೋದರೆ ಅದರ ಒಂದು ಪಾಲು ಗುಜರಿ. ಇದನ್ನು ಕಾರ್ಯಾಗಾರದ ಆದಾಯದೊಡನೆ ಇಟ್ಟು ನೋಡಬೇಕು. ತಿಂಗಳಿಗೆ ಆರು ವಾಹನ ಮಾರುವ ಮಳಿಗೆ ಮೂರು ವರ್ಷಗಳಲ್ಲಿ 216 ವಾಹನಗಳನ್ನು ರಸ್ತೆಗಿಳಿಸಿರುತ್ತದೆ. ಪ್ರತಿ ವಾಹನ ವರ್ಷಕ್ಕೆ ಎರಡು ಬಾರಿ ಸೇವೆಗೆ ಬಂದರೆ ತಿಂಗಳಿಗೆ 36 ಭೇಟಿಗಳು. ಒಂದು ಭೇಟಿಯಿಂದ ಭಾಗ ಮತ್ತು ಕೂಲಿ ಸೇರಿ 3,500 ರೂಪಾಯಿ ಒಟ್ಟು ಲಾಭ ಸಿಕ್ಕಿತೆಂದರೆ ತಿಂಗಳಿಗೆ 1.26 ಲಕ್ಷ. ಬಾಡಿಗೆ, ಸಂಬಳ, ವಿದ್ಯುತ್ತು, ಬಡ್ಡಿ ಸೇರಿ ತಿಂಗಳ ಸ್ಥಿರ ಖರ್ಚು ಐದು ಲಕ್ಷವಾದರೆ ಕಾರ್ಯಾಗಾರ ಅದರ ಕಾಲು ಭಾಗವನ್ನಷ್ಟೇ ಹೊರುತ್ತದೆ. ಐದನೆಯ ವರ್ಷದ ಕೊನೆಗೆ ಭೇಟಿಗಳು 60 ಆದಾಗಲೂ ಅದು ಹೊರುವುದು ಶೇ. 42. ಸಾಮಾನ್ಯ ಬ್ರಾಂಡ್‌ನ ವಿತರಕ ಮಾರಾಟ ಕುಸಿದ ತಿಂಗಳಲ್ಲಿ ಸೇವೆಯ ಆದಾಯದಿಂದ ಉಸಿರಾಡುತ್ತಾನೆ. ಆಮದು ಬ್ರಾಂಡ್‌ನವನಿಗೆ ಆ ಆಸರೆ ಹುಟ್ಟುವಷ್ಟರಲ್ಲಿ ಬ್ರಾಂಡ್ ಕೈ ಬದಲಿಸಿರುವ ಸಂಭವವೇ ಹೆಚ್ಚು. ಇಲ್ಲಿನ ಅಂಕಿಗಳು ಉದಾಹರಣೆಗೆ ತೆಗೆದುಕೊಂಡವು. ಪ್ರತಿಯೊಬ್ಬ ವ್ಯಾಪಾರಿಯೂ ತನ್ನ ಊರಿನ ಬಾಡಿಗೆ ಮತ್ತು ಸಂಬಳವನ್ನು ಹಾಕಿ ಈ ಲೆಕ್ಕವನ್ನು ಸಹಿ ಹಾಕುವ ಮೊದಲೇ ಮಾಡುವುದು ಲೇಸು.

ಸರ್ಕಾರದ ನಿಯಮಗಳೂ ಬಿಡಿಭಾಗದ ಹರಿವನ್ನು ತಡೆಯಬಲ್ಲವು. 2020ರ ಜೂನ್‌ನಲ್ಲಿ ಮೋಟಾರ್‌ಸೈಕಲ್ ಟೈರು ಸೇರಿದಂತೆ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದಾಗ ಪರವಾನಗಿ ಇಲ್ಲದೆ ತರುವಂತಿರಲಿಲ್ಲ. ಇಲ್ಲಿ ತಯಾರಾಗದ ಅಳತೆಯ ಟೈರು ಬೇಕಾದ ವಾಹನಗಳಿಗೆ ಅದು ನೇರ ಪೆಟ್ಟು. ಪೊಟ್ಟಣದಲ್ಲಿ ಮಾರುವ ಆಮದು ಭಾಗಗಳ ಮೇಲೆ ಆಮದುದಾರನ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಇರಲೇಬೇಕೆಂದು 2011ರ ಪೊಟ್ಟಣ ಸರಕು ನಿಯಮಗಳು ಹೇಳುತ್ತವೆ. ಅವಸರಕ್ಕೆ ವಿದೇಶದಿಂದ ನೇರವಾಗಿ ತರಿಸಿ ಚೀಟಿಯಿಲ್ಲದೆ ಮಾರಿದ ಭಾಗ ತಪಾಸಣೆಯಲ್ಲಿ ಸಿಕ್ಕರೆ ದಂಡ ತೆರುವವನು ಅಂಗಡಿಯವನು.

ಕಾನೂನು ಯಾರನ್ನು ಹಿಡಿಯುತ್ತದೆ

2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 86ನೆಯ ಪ್ರಕರಣವನ್ನು ಆಮದು ಸರಕಿನ ಪ್ರತಿಯೊಬ್ಬ ವ್ಯಾಪಾರಿಯೂ ಓದಿಕೊಳ್ಳಬೇಕು. ಸಾಮಾನ್ಯವಾಗಿ ತಯಾರಿಕೆಯ ದೋಷಕ್ಕೆ ತಯಾರಕ ಹೊಣೆ. ಆದರೆ ತಯಾರಕ ಯಾರೆಂದು ತಿಳಿಯದಿದ್ದಾಗ, ತಿಳಿದರೂ ಅವನಿಗೆ ನೋಟಿಸು ತಲುಪಿಸಲಾಗದಿದ್ದಾಗ, ಅವನು ಭಾರತದ ಕಾನೂನಿಗೆ ಒಳಪಡದಿದ್ದಾಗ ಅಥವಾ ಆದೇಶವನ್ನು ಅವನ ಮೇಲೆ ಜಾರಿಗೊಳಿಸಲಾಗದಿದ್ದಾಗ ಆ ಹೊಣೆ ಮಾರಾಟಗಾರನ ಮೇಲೆ ಬರುತ್ತದೆ. ಕಾಯಿದೆಯ ಪ್ರಕಾರ ಮಾರಾಟಗಾರ ಎಂಬ ಪದದಲ್ಲಿ ಆಮದುದಾರನೂ ವಿತರಕನೂ ಸೇರಿದ್ದಾರೆ. ಅಂದರೆ ವಿದೇಶಿ ಸಂಸ್ಥೆ ಇಲ್ಲಿ ಅಂಗಸಂಸ್ಥೆಯನ್ನು ಇಟ್ಟುಕೊಂಡಿಲ್ಲದಿದ್ದರೆ, ಬ್ರೇಕ್ ದೋಷದಿಂದ ಗಾಯಗೊಂಡ ಸವಾರನ ಮುಂದೆ ನಿಲ್ಲುವವನು ಊರಿನ ವಿತರಕ. ದೋಷಪೂರಿತ ವಾಹನಗಳನ್ನು ಹಿಂದಕ್ಕೆ ಕರೆಸಿಕೊಳ್ಳುವ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಅವು ಕೂಡ ತಯಾರಕನೊಡನೆ ಆಮದುದಾರನನ್ನೂ ಹೆಸರಿಸಿವೆ.

ಇನ್ನೊಂದೆಡೆ ವಿತರಕನನ್ನು ಕಾಪಾಡುವ ಪ್ರತ್ಯೇಕ ಕಾನೂನು ನಮ್ಮಲ್ಲಿ ಬಂದಿಲ್ಲ. ಅಮೆರಿಕದ ರಾಜ್ಯಗಳಲ್ಲಿ ತಯಾರಕ ಮನಬಂದಂತೆ ವಿತರಕನನ್ನು ಕೈಬಿಡದಂತೆ ತಡೆಯುವ ಕಾನೂನುಗಳಿವೆ. ಇಲ್ಲಿ ಫಾಡಾ ಅಂಥ ಕಾನೂನಿಗಾಗಿ ಒತ್ತಾಯಿಸುತ್ತ ಬಂದಿದೆ. ಸಂಸತ್ತಿನ ಕೈಗಾರಿಕಾ ಸ್ಥಾಯಿ ಸಮಿತಿಯೂ 2020ರ ಡಿಸೆಂಬರ್‌ನಲ್ಲಿ ಅದನ್ನು ಶಿಫಾರಸು ಮಾಡಿತ್ತು. ಅದು ಬರುವವರೆಗೆ ವಿತರಕನಿಗೆ ಇರುವ ರಕ್ಷಣೆ ತಾನು ಸಹಿ ಹಾಕಿದ ಕರಾರು ಪತ್ರ ಮಾತ್ರ.

ಆ ಪತ್ರದಲ್ಲಿ ಅತಿ ಮುಖ್ಯವಾದದ್ದು ಮುಗಿಯುವಿಕೆಯ ಷರತ್ತು. ಒಪ್ಪಂದ ಮುಗಿದಾಗ ಮಾರಾಟವಾಗದ ವಾಹನ ಮತ್ತು ಬಿಡಿಭಾಗಗಳನ್ನು ಖರೀದಿ ಬೆಲೆಗೆ ಮರಳಿ ಪಡೆಯುವ ಹೊಣೆ ಯಾರದು, ಎಷ್ಟು ದಿನಗಳೊಳಗೆ ಎಂಬುದು ಬರಹದಲ್ಲಿರಬೇಕು. ಮಳಿಗೆಯ ಅಲಂಕಾರಕ್ಕೆ ಬ್ರಾಂಡ್‌ನವರೇ ಸೂಚಿಸಿದ ಟೈಲ್ಸ್, ದೀಪ, ಪೀಠೋಪಕರಣಗಳಿಗೆ ಹಾಕಿದ ಹಣ ಬೇರೆ ಯಾವ ವ್ಯಾಪಾರಕ್ಕೂ ಒದಗುವುದಿಲ್ಲ. ಆದ್ದರಿಂದ ಅದು ತೀರುವಷ್ಟು ಕನಿಷ್ಠ ಅವಧಿಯನ್ನು ಕೇಳುವುದು ನ್ಯಾಯವೇ. ವಿವಾದ ಬಂದರೆ ಮಧ್ಯಸ್ಥಿಕೆ ಬೆಂಗಳೂರಿನಲ್ಲೋ ವಿದೇಶದಲ್ಲೋ ಎಂಬ ಒಂದು ಸಾಲು, ಹಕ್ಕಿದ್ದರೂ ಅದನ್ನು ಕೇಳುವ ಶಕ್ತಿ ವಿತರಕನಿಗೆ ಇರುವುದೇ ಇಲ್ಲವೇ ಎಂಬುದನ್ನು ನಿರ್ಧರಿಸುತ್ತದೆ. ಬಹಳ ಮಂದಿ ಗಮನಿಸದ ವಿಷಯ ರೋಗನಿದಾನ ಉಪಕರಣದ್ದು. ಇಂದಿನ ವಾಹನಗಳ ದೋಷ ಸಂಕೇತಗಳನ್ನು ಓದಲು, ಕೆಲವದರಲ್ಲಿ ಹೊಸ ಕೀಲಿಯನ್ನು ನೋಂದಾಯಿಸಲೂ ಸಂಸ್ಥೆಯ ತಂತ್ರಾಂಶ ಬೇಕು. ಒಪ್ಪಂದ ಮುಗಿದ ಕೂಡಲೇ ಪ್ರವೇಶ ಮುಚ್ಚಿದರೆ, ಲಕ್ಷಾಂತರ ರೂಪಾಯಿಯ ಉಪಕರಣ ಕಪಾಟಿನ ಪೆಟ್ಟಿಗೆಯಾಗುತ್ತದೆ, ಹಳೆಯ ಗ್ರಾಹಕ ಬೀದಿಗೆ ಬೀಳುತ್ತಾನೆ. ಕನಿಷ್ಠ ವಾರಂಟಿ ಅವಧಿಯವರೆಗಾದರೂ ಈ ಪ್ರವೇಶ ಉಳಿಯಬೇಕೆಂದು ಬರೆಸಿಕೊಳ್ಳಬಹುದು.

ಸಣ್ಣ ತಯಾರಕನಿಗೆ ಎಲ್ಲಿ ಅವಕಾಶ

ದೊಡ್ಡ ಸಂಸ್ಥೆಗಳು ಈ ಎಲ್ಲ ತೊಡಕುಗಳಿಗೆ ಕಂಡುಕೊಂಡ ಉತ್ತರ ಆಮದನ್ನೇ ಕಡಿಮೆ ಮಾಡುವುದು. ಬಜಾಜ್ 2007ರಲ್ಲಿ ಆಸ್ಟ್ರಿಯದ ಕೆ.ಟಿ.ಎಂ. ಸಂಸ್ಥೆಯಲ್ಲಿ ಪಾಲು ಕೊಂಡು 2012ರಲ್ಲಿ ಡ್ಯೂಕ್ 200 ವಾಹನವನ್ನು ಚಾಕಣ್‌ನಿಂದ ಮಾರುಕಟ್ಟೆಗೆ ತಂದಿತು. ಟಿ.ವಿ.ಎಸ್. 2013ರಲ್ಲಿ ಬಿ.ಎಂ.ಡಬ್ಲ್ಯು. ಜೊತೆ ಒಪ್ಪಂದ ಮಾಡಿಕೊಂಡು ಬೆಂಗಳೂರಿನ ಪಕ್ಕದ ಹೊಸೂರಿನಲ್ಲಿ 310 ಸಿ.ಸಿ. ವಾಹನಗಳನ್ನು ತಯಾರಿಸುತ್ತಿದೆ. 2023ರಲ್ಲಿ ಟ್ರಯಂಫ್ ಸ್ಪೀಡ್ 400 ಮತ್ತು ಹಾರ್ಲೆ ಎಕ್ಸ್ 440 ಇದೇ ದಾರಿಯಲ್ಲಿ ಬಂದವು. ಇಂಥ ವಾಹನಗಳ ಭಾಗ ಇಲ್ಲಿಯೇ ಸಿಗುತ್ತದೆ.

ಈ ದಾರಿ ಕರ್ನಾಟಕಕ್ಕೆ ಹೊಸತಲ್ಲ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಚೆಕೊಸ್ಲೊವಾಕಿಯದ ಜಾವಾ ವಾಹನವನ್ನು ಪರವಾನಗಿಯ ಮೇಲೆ ತಯಾರಿಸತೊಡಗಿತು; 1970ರ ದಶಕದಲ್ಲಿ ಅದೇ ಯೆಜ್ಡಿ ಹೆಸರನ್ನು ತಾಳಿತು; 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಾರ್ಖಾನೆ ನಿಂತು ದಶಕಗಳಾದರೂ ವಾಹನಗಳು ಓಡುತ್ತಿರುವುದಕ್ಕೆ ಕಾರಣ ಗ್ಯಾಸ್ಕೆಟ್, ಕೇಬಲ್, ಸೈಲೆನ್ಸರ್, ರಬ್ಬರ್ ಭಾಗಗಳನ್ನು ಮಾಡುತ್ತ ಬಂದ ಸಣ್ಣ ಘಟಕಗಳು ಮತ್ತು ಹಳೆಯ ಮೆಕ್ಯಾನಿಕ್‌ಗಳು. ಎರಡು ಸ್ಟ್ರೋಕಿನ ಸರಳ ಎಂಜಿನ್, ಒಂದು ಕಾರ್ಬ್ಯುರೇಟರ್. ಲೇತ್ ಯಂತ್ರದ ಮುಂದೆ ನಿಂತವನಿಗೆ ಅದರಲ್ಲಿ ರಹಸ್ಯವೇನೂ ಇರಲಿಲ್ಲ. ಇಂದಿನ ವಿದ್ಯುನ್ಮಾನ ವಾಹನಭಾಗಗಳನ್ನು ಹಾಗೆ ಮಾಡಲಾಗದು. ಆದರೆ ಲೋಹ, ರಬ್ಬರು, ತಂತಿಯ ಭಾಗಗಳಿಗೆ ಆ ಅನುಭವ ಈಗಲೂ ಸಲ್ಲುತ್ತದೆ.

ಪೀಣ್ಯದಂಥ ಕೈಗಾರಿಕಾ ಪ್ರದೇಶದ ಘಟಕವೊಂದು ಒಂದೇ ಆಮದು ಮಾದರಿಯ ಲಿವರ್‌ಗಾಗಿ ಅಚ್ಚು ಮಾಡಿಸಿದರೆ ಅಚ್ಚಿನ ಹಣವೂ ಹುಟ್ಟುವುದಿಲ್ಲ. ದೇಶದಲ್ಲಿರುವ ಆ ಮಾದರಿಯ ವಾಹನಗಳೇ ಕೆಲವು ನೂರು. ಹಲವು ಬ್ರಾಂಡ್‌ಗಳಿಗೆ ಹೊಂದುವ ಭಾಗವನ್ನು ಆರಿಸುವುದು ಜಾಣತನ. ಕಾನೂನಿನ ಎರಡು ಅಂಶಗಳನ್ನು ಮಾತ್ರ ಮನದಲ್ಲಿಡಬೇಕು. ತನ್ನ ಭಾಗ ಇಂಥ ವಾಹನಕ್ಕೆ ಹೊಂದುತ್ತದೆ ಎಂದು ತಿಳಿಸಲು ಬ್ರಾಂಡ್‌ನ ಹೆಸರನ್ನು ಅಗತ್ಯವಿದ್ದಷ್ಟು ಬಳಸಲು 1999ರ ವ್ಯಾಪಾರ ಚಿಹ್ನೆ ಕಾಯಿದೆಯ 30ನೆಯ ಪ್ರಕರಣ ಅವಕಾಶ ಕೊಡುತ್ತದೆ. ಭಾಗದ ಮೇಲೆ ಅವರ ಲಾಂಛನವನ್ನೇ ಅಚ್ಚೊತ್ತುವುದು ಬೇರೆ ಮಾತು, ಅದು ನಕಲಿ ಸರಕಾಗುತ್ತದೆ. ಹೊದಿಕೆ, ದೀಪಗಳಂಥ ಭಾಗದ ಆಕಾರ ವಿನ್ಯಾಸವಾಗಿ ನೋಂದಣಿಯಾಗಿದ್ದರೆ ಹದಿನೈದು ವರ್ಷಗಳವರೆಗೆ ಅದಕ್ಕೆ ರಕ್ಷಣೆ ಇರಬಹುದು.

ವಿತರಕನಿಗೂ ಇಲ್ಲಿ ಒಂದು ಉಳಿತಾಯದ ದಾರಿಯಿದೆ. ಮೋಟಾರ್‌ಸೈಕಲ್ ಸಂಸ್ಥೆಗಳು ಬೇರಿಂಗು, ಆಯಿಲ್ ಸೀಲು, ಚೈನು, ಬ್ರೇಕ್ ಪ್ಯಾಡುಗಳನ್ನು ಬಹುಮಟ್ಟಿಗೆ ತಾವೇ ತಯಾರಿಸುವುದಿಲ್ಲ. ಜಗತ್ತಿನ ಕೆಲವೇ ಪೂರೈಕೆದಾರರಿಂದ ಕೊಂಡು ತಮ್ಮ ಪೊಟ್ಟಣದಲ್ಲಿಟ್ಟು ಮಾರುತ್ತವೆ. ಆಮದು ವಾಹನದ ಚಕ್ರದಿಂದ ತೆಗೆದ ಬೇರಿಂಗಿನ ಉಂಗುರದ ಮೇಲೆ 6204 ಎಂದಿದ್ದರೆ ಅದರ ಒಳವ್ಯಾಸ 20, ಹೊರವ್ಯಾಸ 47, ದಪ್ಪ 14 ಮಿಲಿಮೀಟರ್. ಅದೇ ಸಂಖ್ಯೆಯ ಬೇರಿಂಗು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಅಂದೇ ಸಿಗುತ್ತದೆ. ಸೀಲಿನ ಅಂಚಿನಲ್ಲಿಯೂ ಮೂರು ಅಳತೆಗಳು ಮುದ್ರಿತವಾಗಿರುತ್ತವೆ. ಕಾರ್ಯಾಗಾರಕ್ಕೆ ಬರುವ ಪ್ರತಿ ಮಾದರಿಯ ಇಂಥ ಸಂಖ್ಯೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡ ವಿತರಕ, ವಾರಂಟಿ ಮುಗಿದ ವಾಹನಗಳಿಗೆ ಗ್ರಾಹಕನ ಲಿಖಿತ ಒಪ್ಪಿಗೆ ಪಡೆದು ಅವನ್ನು ಬಳಸಬಹುದು. ವಾರಂಟಿ ಅವಧಿಯಲ್ಲಿ ಮಾತ್ರ ಸಂಸ್ಥೆಯ ಪೊಟ್ಟಣದ ಭಾಗವನ್ನೇ ಹಾಕಿ, ಬಿಲ್ಲು ಮತ್ತು ಕಳಚಿದ ಹಳೆಯ ಭಾಗವನ್ನು ಪರಿಹಾರದ ಹಣ ಕೈಸೇರುವವರೆಗೆ ಕಾದಿಡಬೇಕು.